ಯಾವ ಕಾಲು ನೆಲಕ್ಕೆ, ಯಾವ ಕಾಲು ಪೆಡಲಿಗೆ?

ಪ್ರಶ್ನೆ: ವಿಜಯನಗರದಿಂದ ಜಯನಗರದ ಆಫೀಸಿಗೆ ಎರಡು ತಿಂಗಳಿಂದ ಸೈಕಲ್‌ನಲ್ಲಿ ಹೋಗುತ್ತಿದ್ದೇನೆ. ಹಿಂದೆ ಏಳು ಗೇರಿರುವ ಹೈಬ್ರಿಡ್ ಸೈಕಲ್, ಮಾಮೂಲಿ ಚಪ್ಪಟೆ ಪೆಡಲ್. ಚಿಕ್ಕಂದಿನಿಂದ ಚೆಂಡು ಒದೆಯುವುದು ಎಡಗಾಲಿನಲ್ಲೇ. ಸಿಗ್ನಲ್‌ನಲ್ಲಿ ಬಲಗಾಲು ನೆಲಕ್ಕಿಟ್ಟು, ಎಡಗಾಲಿನಿಂದ ತುಳಿದು ಹೊರಡುತ್ತೇನೆ. ಜೊತೆಗೆ ಬರುವ ಗೆಳೆಯರು ‘ಎಡಗಾಲೇ ಇಡಬೇಕು ಮಾರಾಯ, ನೀನು ಮಾಡ್ತಿರೋದು ತಪ್ಪು’ ಅನ್ನುತ್ತಾರೆ. ಹಾಗೆ ಮಾಡಲು ಹೋದರೆ ಹೊರಡುವಾಗ ಹ್ಯಾಂಡಲ್ ಹೊಯ್ದಾಡುತ್ತದೆ. ಎರಡು ಸಲ ಪೆಡಲ್ ತಪ್ಪಿ ಮುಂಗಾಲಿನ ಮೂಳೆಗೆ ಬಡಿಯಿತು. ಎರಡೂ ಕಾಲು ನೆಲಕ್ಕೆ ಎಟುಕಲಿ ಎಂದು ಸೀಟು ಇಳಿಸಿಕೊಂಡಿದ್ದೇನೆ. ಇಳಿಜಾರಿನಲ್ಲಿ ತುಳಿಯದೆ ಬಿಟ್ಟಾಗ ಯಾವಾಗಲೂ ಎಡಗಾಲೇ ಮುಂದಿರುತ್ತದೆ. ಇತ್ತೀಚೆಗೆ ಮೊಣಕಾಲಿನ ಮುಂಭಾಗ ನೋಯುತ್ತಿದೆ. ಅಭ್ಯಾಸ ಬದಲಿಸಬೇಕೇ?

ಉತ್ತರ: ನೆಲಕ್ಕಿಡುವ ಕಾಲನ್ನು ಬದಲಿಸಿ. ತುಳಿಯದೆ ಹೋಗುವಾಗ ಮುಂದಿರುವ ಕಾಲನ್ನು ಹಾಗೇ ಬಿಡಿ. ಆದರೆ ಇವೆರಡಕ್ಕೂ ಮೊದಲು ಸೀಟು ಏರಿಸಿ, ಸಿಗ್ನಲ್ ಬರುವ ಮುಂಚೆಯೇ ಗೇರ್ ಇಳಿಸುವುದನ್ನು ರೂಢಿ ಮಾಡಿಕೊಳ್ಳಿ. ಹ್ಯಾಂಡಲ್ ಹೊಯ್ದಾಡುವುದಕ್ಕೂ ಮೊಣಕಾಲು ನೋಯುವುದಕ್ಕೂ ನೀವು ಎಡಗಾಲಿನವರಾಗಿರುವುದು ಕಾರಣವಲ್ಲ. ನಿಮ್ಮ ಪತ್ರ ಓದಿದರೆ ಸೀಟು, ಗೇರು ಮತ್ತು ಹೊರಡುವಾಗ ಪೆಡಲ್ ಇರುವ ಜಾಗದ ಮೇಲೇ ಅನುಮಾನ ಹೋಗುತ್ತದೆ.

‘ಎಡಗಾಲಿನವನು’ ಎಂಬ ಮಾತನ್ನೇ ಮೊದಲು ಸ್ವಲ್ಪ ಬಿಡಿಸಿ ನೋಡೋಣ. ಚೆಂಡು ಒದೆಯುವಾಗ ಒಂದು ಕಾಲು ಬೀಸುತ್ತದೆ, ಇನ್ನೊಂದು ಇಡೀ ಮೈಯ ಭಾರ ಹೊತ್ತು ನಿಲ್ಲುತ್ತದೆ. ನಿಮ್ಮದು ಬೀಸುವ ಕಾಲು ಎಡ, ನಿಲ್ಲುವ ಕಾಲು ಬಲ. ಸೈಕಲ್ ಮೇಲೆ ಕೆಲಸ ಎರಡಲ್ಲ, ಮೂರು: ನಿಂತಾಗ ನೆಲ ಮುಟ್ಟುವ ಕಾಲು, ಹೊರಡುವಾಗ ಮೊದಲ ತುಳಿತ ಕೊಡುವ ಕಾಲು, ತುಳಿಯದೆ ಉರುಳುವಾಗ ಮುಂದಿರುವ ಕಾಲು. ಮೊದಲ ಎರಡು ಒಂದಕ್ಕೊಂದು ಗಂಟು ಬಿದ್ದಿವೆ. ಎಡಗಾಲು ನೆಲದಲ್ಲಿದ್ದರೆ ತುಳಿಯುವುದು ಬಲಗಾಲೇ, ಬೇರೆ ದಾರಿ ಇಲ್ಲ. ಮೂರನೆಯದಕ್ಕೆ ಈ ಗಂಟಿಲ್ಲ. ನೆಲಕ್ಕೆ ಎಡಗಾಲಿಟ್ಟು ಬಲಗಾಲಲ್ಲಿ ಹೊರಡುವವರು ಇಳಿಜಾರಿನಲ್ಲಿ ಎಡಗಾಲನ್ನೇ ಮುಂದಿಡುವುದು ಧಾರಾಳವಾಗಿ ಕಾಣುತ್ತದೆ. ಅದರಲ್ಲಿ ವಿರೋಧವೇನೂ ಇಲ್ಲ. ನಿಮ್ಮ ಗೆಳೆಯರು ಮೂರನ್ನೂ ಒಂದೇ ಬುಟ್ಟಿಗೆ ಹಾಕಿದ್ದಾರೆ.

ಇನ್ನು ಎಡಗಾಲೇ ಯಾಕೆ ನೆಲಕ್ಕೆ? ಸೈಕಲ್ ಕಟ್ಟಿದ ರೀತಿ ಒಂದು ಕಾರಣ, ನಮ್ಮ ರಸ್ತೆ ಇನ್ನೊಂದು. ಚೈನು, ಚೈನ್‌ವೀಲು, ಗೇರು ಎಲ್ಲ ಬಲಗಡೆ. ಸೈಡ್ ಸ್ಟ್ಯಾಂಡ್ ಎಡಗಡೆ. ತಳ್ಳಿಕೊಂಡು ನಡೆಯುವುದು ಎಡದಿಂದ, ಹತ್ತುವುದು ಎಡದಿಂದ. ಬಾರ್ ಸೈಕಲ್ಲಿಗೆ ಕಾಲು ಎಟುಕದ ಮಕ್ಕಳು ಒಳಪೆಡಲ್ ಹೊಡೆಯುತ್ತಿದ್ದಾಗಲೂ ಮೈಯೆಲ್ಲ ಎಡಗಡೆಗೇ ಇರುತ್ತಿತ್ತು, ಬಾರ್ ಕೆಳಗಿನ ಸಂದಿಯಿಂದ ಬಲಗಾಲು ಮಾತ್ರ ಆಚೆ ತೂರುತ್ತಿತ್ತು. ಬಲಗಾಲು ನೆಲಕ್ಕಿಟ್ಟು ನಿಂತರೆ ಆ ಕಾಲಿನ ಮೀನಖಂಡ ನೇರವಾಗಿ ಚೈನ್‌ವೀಲಿಗೆ ಒರಗುತ್ತದೆ. ಹೈಬ್ರಿಡ್ ಸೈಕಲ್ಲಿಗೆ ಹಳೇ ಸೈಕಲ್ಲಿನ ಹಾಗೆ ಪೂರ್ತಿ ಚೈನ್ ಕವರ್ ಇರುವುದಿಲ್ಲ, ಹಾಗಾಗಿ ಪ್ಯಾಂಟಿನ ಮೇಲೆ ಹಲ್ಲುಹಲ್ಲಾಗಿ ಕಪ್ಪು ಗ್ರೀಸಿನ ಅಚ್ಚು ಬೀಳುತ್ತದೆ. ನಿಮ್ಮ ಬಲಗಾಲು ಒಮ್ಮೆ ನೋಡಿಕೊಳ್ಳಿ, ಇರಬೇಕು.

ರಸ್ತೆಯ ಕಾರಣ ಇದಕ್ಕಿಂತ ದೊಡ್ಡದು. ನಾವು ಎಡಕ್ಕೆ ಚಲಿಸುವವರು. ಫುಟ್‌ಪಾತ್ ಎಡಗಡೆ, ವಾಹನ ಬಲಗಡೆ. ಒಂದು ಕಾಲು ನೆಲಕ್ಕಿಟ್ಟಾಗ ಸೈಕಲ್ ಆ ಕಡೆಗೆ ವಾಲಲೇಬೇಕು. ಬರೀ 10 ಡಿಗ್ರಿ ವಾಲಿದರೂ ಒಂದು ಮೀಟರ್ ಎತ್ತರದಲ್ಲಿರುವ ಹ್ಯಾಂಡಲ್ ಸುಮಾರು 17 ಸೆಂ.ಮೀ. ಪಕ್ಕಕ್ಕೆ ಸರಿಯುತ್ತದೆ, ಅದರ ಮೇಲಿರುವ ಭುಜ ಮತ್ತು ತಲೆ ಇನ್ನೂ ಹೆಚ್ಚು. ಬಲಕ್ಕೆ ವಾಲಿದರೆ ಅಷ್ಟು ಜಾಗವನ್ನು ಪಕ್ಕದಲ್ಲಿ ಸಂದಿ ಹುಡುಕುತ್ತಿರುವ ಆಟೋದ ಕಡೆಗೋ ಬಿಎಂಟಿಸಿ ಬಸ್ಸಿನ ಕಡೆಗೋ ಕೊಟ್ಟ ಹಾಗೆ. ಕಾಲು ಜಾರಿದರೂ ಅಷ್ಟೇ. ಎಡಕ್ಕೆ ಬಿದ್ದರೆ ಮೊಣಕೈ ತರಚುತ್ತದೆ; ಬಲಕ್ಕೆ ಬಿದ್ದರೆ ಬೀಳುವುದು ಓಡುವ ಚಕ್ರಗಳ ಮುಂದೆ. ಅಮೆರಿಕದಂಥ ಬಲಕ್ಕೆ ಚಲಿಸುವ ದೇಶಗಳಲ್ಲಿ ಚೈನು ಒಂದು ಕಡೆ ಎಳೆಯುತ್ತದೆ, ಫುಟ್‌ಪಾತ್ ಇನ್ನೊಂದು ಕಡೆ. ನಮಗೆ ಎರಡೂ ಒಂದೇ ಉತ್ತರ ಹೇಳುತ್ತವೆ. ಆದ್ದರಿಂದ ಇಲ್ಲಿ ವಾದಕ್ಕೆ ಜಾಗ ಕಡಿಮೆ.

‘ರಸ್ತೆ ಎಡಕ್ಕೆ ಇಳಿಜಾರಾಗಿರುತ್ತದಲ್ಲ, ಕಾಲಿಗೆ ನೆಲ ದೂರವಾಗುವುದಿಲ್ಲವೇ’ ಎಂದು ಕೆಲವರು ಕೇಳುತ್ತಾರೆ. ಮಳೆನೀರು ಹರಿದುಹೋಗಲೆಂದು ಡಾಂಬರು ರಸ್ತೆಗೆ ಕೊಡುವ ಅಡ್ಡ ಇಳುಕಲು ಸುಮಾರು ಶೇಕಡಾ 2. ಸೈಕಲ್ಲಿನಿಂದ 30 ಸೆಂ.ಮೀ. ಪಕ್ಕದಲ್ಲಿ ಕಾಲಿಟ್ಟರೆ ವ್ಯತ್ಯಾಸ 6 ಮಿ.ಮೀ. ಅದು ಗೊತ್ತೇ ಆಗುವುದಿಲ್ಲ. ಗೊತ್ತಾಗುವುದು ಡಾಂಬರಿನ ಅಂಚು. ಹಳೇ ಡಾಂಬರಿನ ಮೇಲೇ ಹೊಸದು ಹಾಕಿ ಹಾಕಿ ರಸ್ತೆ ಏರಿರುತ್ತದೆ, ಪಕ್ಕದ ಮಣ್ಣು ಅಲ್ಲೇ ಉಳಿದಿರುತ್ತದೆ. ವೈಟ್ ಟಾಪಿಂಗ್ ಮಾಡಿದ ಕಡೆ ಕಾಂಕ್ರೀಟಿನ ಅಂಚು ಇನ್ನೂ ಕಡಿದಾಗಿರುತ್ತದೆ. ಎಡಗಾಲು ಇಳಿಸಿದಾಗ ನೆಲ ಒಂದು ಗೇಣು ಕೆಳಗಿದ್ದರೆ ಸೈಕಲ್ ಸಮೇತ ಆ ಕಡೆ ಉರುಳುವುದು ಖಚಿತ. ಪರಿಹಾರ ಸುಲಭ: ಒಂದೋ ಅಂಚಿನಿಂದ ಎರಡು ಅಡಿ ಒಳಗೆ, ಡಾಂಬರಿನ ಮೇಲೇ ಕಾಲಿಡುವಂತೆ ನಿಲ್ಲಿ, ಇಲ್ಲವೇ ಫುಟ್‌ಪಾತಿನ ಕಲ್ಲಿಗೆ ಪೂರ್ತಿ ಒತ್ತಿಕೊಂಡು ನಿಂತು ಕಲ್ಲಿನ ಮೇಲೇ ಕಾಲಿಡಿ. ನಡುವೆ ನಿಲ್ಲಬೇಡಿ. ಮಳೆಗಾಲದಲ್ಲಿ ಜೀಬ್ರಾ ಪಟ್ಟೆಯ ಬಣ್ಣ, ಮ್ಯಾನ್‌ಹೋಲ್ ಮುಚ್ಚಳ, ಪಾಚಿ ಕಟ್ಟಿದ ಚರಂಡಿ ಚಪ್ಪಡಿ ಈ ಮೂರರ ಮೇಲೆ ಕಾಲೂರಬೇಡಿ. ಬೇಸಿಗೆ ಶುರುವಿನಲ್ಲಿ ಉದುರಿದ ಹೊಂಗೆ ಹೂವಿನ ಹಾಸೂ ಅಷ್ಟೇ ಜಾರುತ್ತದೆ, ನೋಡಲು ಚಂದ ಅನ್ನುವುದು ಬೇರೆ ಮಾತು.

ಇದಕ್ಕೆ ಅಪವಾದ ಒಂದಿದೆ. ಬಲಕ್ಕೆ ತಿರುಗಲು ರಸ್ತೆ ಮಧ್ಯದ ಡಿವೈಡರ್ ಪಕ್ಕದಲ್ಲಿ ಕಾಯುವಾಗ ಆಸರೆ ಬಲಗಡೆ, ವಾಹನ ಎಡಗಡೆ. ಆಗ ಬಲಗಾಲನ್ನು ಡಿವೈಡರ್ ಕಲ್ಲಿನ ಮೇಲಿಡುವುದೇ ಸರಿ. ನಿಮ್ಮ ಈಗಿನ ಅಭ್ಯಾಸ ಅಲ್ಲಿ ಉಪಯೋಗಕ್ಕೆ ಬರುತ್ತದೆ, ಅದನ್ನು ಮರೆಯಬೇಡಿ. ಆದರೆ ದೊಡ್ಡ ಸಿಗ್ನಲ್‌ಗಳಲ್ಲಿ ಮಧ್ಯದ ಲೇನಿಗೆ ಹೋಗುವುದಕ್ಕಿಂತ ಎರಡು ಹಂತದ ತಿರುವು ವಾಸಿ: ಎಡ ಅಂಚಿನಲ್ಲೇ ನೇರ ದಾಟಿ, ಎದುರು ಮೂಲೆಯಲ್ಲಿ ನಿಂತು, ಸೈಕಲನ್ನು ಬಲಕ್ಕೆ ತಿರುಗಿಸಿಕೊಂಡು, ಆ ರಸ್ತೆಯ ಹಸಿರು ದೀಪಕ್ಕೆ ಕಾಯುವುದು. ಅಲ್ಲೂ ಎಡಗಾಲೇ ನೆಲಕ್ಕೆ. ಇನ್ನೊಂದು ಎಚ್ಚರಿಕೆ: ಎಡಗಡೆ ಕಲ್ಲು ಸಿಕ್ಕಿತೆಂಬ ಖುಷಿಯಲ್ಲಿ ಬಸ್ಸಿನ ಎಡ ಮಗ್ಗುಲಿಗೆ ತೂರಿ ನಿಲ್ಲಬೇಡಿ. ಬಸ್ಸು ಎಡಕ್ಕೆ ತಿರುಗಿದರೆ ಅದರ ಹಿಂದಿನ ಚಕ್ರ ಮುಂದಿನ ಚಕ್ರದ ಜಾಡಿನಲ್ಲಿ ಬರುವುದಿಲ್ಲ, ಒಳಗೆ ಕತ್ತರಿಸಿ ಫುಟ್‌ಪಾತಿಗೆ ಒತ್ತಿಕೊಂಡು ಬರುತ್ತದೆ. ಡ್ರೈವರಿಗೆ ಕಾಣುವಷ್ಟು ಮುಂದೆ ನಿಲ್ಲಿ, ಇಲ್ಲದಿದ್ದರೆ ಬಸ್ಸಿನ ಹಿಂದೆ ನಿಲ್ಲಿ.

ಸೀಟಿನ ವಿಷಯ

ಎರಡೂ ಕಾಲು ನೆಲಕ್ಕೆ ಎಟುಕಲಿ ಎಂದು ಸೀಟು ಇಳಿಸುವುದು ಈ ಊರಿನಲ್ಲಿ ಹೊಸದಾಗಿ ಸೈಕಲ್ ಹತ್ತಿದವರಲ್ಲಿ ಬಹುಪಾಲು ಜನ ಮಾಡುವ ತಪ್ಪು. ಲೆಕ್ಕ ನೋಡಿ. ನಿಮ್ಮಂಥ ಸೈಕಲ್‌ನಲ್ಲಿ ಎರಡೂ ಪೆಡಲ್ ಸುತ್ತುವ ಎಕ್ಸೆಲಿನ ನಡುಭಾಗ ನೆಲದಿಂದ ಸುಮಾರು 28 ಸೆಂ.ಮೀ. ಎತ್ತರ. ಪೆಡಲನ್ನು ಆ ಎಕ್ಸೆಲಿಗೆ ಸೇರಿಸುವ ತೋಳು, ಅಂದರೆ ಕ್ರ್ಯಾಂಕಿನ ಉದ್ದ ಸಾಮಾನ್ಯವಾಗಿ 17 ಸೆಂ.ಮೀ. ಅಂದರೆ ಪೆಡಲ್ ಪೂರ್ತಿ ಕೆಳಗೆ ಬಂದಾಗಲೂ ನೆಲದಿಂದ 11 ಸೆಂ.ಮೀ. ಮೇಲಿರುತ್ತದೆ. ಕಾಲು ಸರಿಯಾಗಿ ನೀಡಿ ತುಳಿಯಬೇಕಾದರೆ, ಸೀಟಿನ ಮೇಲೆ ಕೂತಾಗ ಪಾದ ನೆಲಕ್ಕೆ ಅಷ್ಟು ದೂರ ಎಟುಕದೇ ಇರಲೇಬೇಕು. ಎರಡೂ ಪಾದ ಊರುವಂತಿದ್ದರೆ ಸೀಟು ಕನಿಷ್ಠ ನಾಲ್ಕು ಇಂಚು ತಗ್ಗಿದೆ ಎಂದರ್ಥ. ಆಗ ಪ್ರತಿ ತುಳಿತದಲ್ಲೂ ಮೊಣಕಾಲು ಅತಿಯಾಗಿ ಮಡಚಿರುವಾಗಲೇ ಭಾರ ಬೀಳುತ್ತದೆ. ಮಂಡಿಚಿಪ್ಪಿನ ಮುಂಭಾಗ ನೋಯುವುದಕ್ಕೆ ತಗ್ಗು ಸೀಟು, ಭಾರದ ಗೇರು ಇವೆರಡೂ ಸೈಕಲ್ ಸವಾರರಲ್ಲಿ ಮಾಮೂಲಿ ಕಾರಣಗಳು. ಮೊಣಕಾಲಿನ ಹಿಂಭಾಗ ನೋಯುತ್ತಿದ್ದರೆ ಸೀಟು ಹೆಚ್ಚು ಎತ್ತರವಾಗಿದೆಯೇ ಎಂದು ನೋಡಬೇಕಿತ್ತು.

ಅಳತೆ ಹೀಗೆ. ಗೋಡೆಗೆ ಒರಗಿ ಸೀಟಿನ ಮೇಲೆ ಕೂತು, ಹಿಮ್ಮಡಿಯನ್ನು ಪೆಡಲ್ ಮೇಲಿಟ್ಟು ಕೆಳಕ್ಕೆ ತನ್ನಿ. ತೀರ ಕೆಳಗೆ ಕಾಲು ನೇರವಾಗಬೇಕು, ಸೊಂಟ ಆ ಕಡೆ ಜಾರಬಾರದು. ಆಮೇಲೆ ಪಾದದ ಮುಂಭಾಗ, ಅಂದರೆ ಹೆಬ್ಬೆರಳಿನ ಬುಡದ ಉಬ್ಬು, ಪೆಡಲ್ ಮೇಲೆ ಬರುವಂತೆ ಇಟ್ಟರೆ ಮೊಣಕಾಲಿನಲ್ಲಿ 25ರಿಂದ 35 ಡಿಗ್ರಿ ಬಾಗು ತಾನಾಗಿ ಉಳಿಯುತ್ತದೆ. ಟೇಪು ಹಿಡಿಯುವ ಆಸೆಯಿದ್ದರೆ ಬರಿಗಾಲಲ್ಲಿ ಗೋಡೆಗೆ ನಿಂತು, ತೊಡೆಸಂದಿಗೆ ದಪ್ಪ ಪುಸ್ತಕ ಒತ್ತಿ, ನೆಲದಿಂದ ಅದರ ಮೇಲಂಚಿನವರೆಗೆ ಅಳೆದು 0.883ರಿಂದ ಗುಣಿಸಿ. ಅಳತೆ 78 ಸೆಂ.ಮೀ. ಇದ್ದರೆ ಎಕ್ಸೆಲಿನ ನಡುವಿನಿಂದ ಸೀಟಿನ ಮೇಲ್ಭಾಗಕ್ಕೆ ಸುಮಾರು 69 ಸೆಂ.ಮೀ. ಇರಬೇಕು. ಎರಡು ವಿಧಾನಕ್ಕೂ ಕೊಂಚ ವ್ಯತ್ಯಾಸ ಬಂದರೆ ಹಿಮ್ಮಡಿಯ ವಿಧಾನವನ್ನೇ ನಂಬಿ, ನಿಮ್ಮ ಚಪ್ಪಲಿ-ಶೂಗಳ ದಪ್ಪ ಅದರಲ್ಲಿ ಸೇರಿರುತ್ತದೆ. ಒಂದೇ ದಿನ ನಾಲ್ಕು ಇಂಚು ಏರಿಸಬೇಡಿ. ಎರಡು ಮೂರು ದಿನಕ್ಕೊಮ್ಮೆ ಒಂದು ಸೆಂ.ಮೀ. ಸಾಕು. ಸೀಟಿನ ಕಂಬದ ಮೇಲೆ ಕೊರೆದ ಕೊನೆಯ ಗೆರೆ ಫ್ರೇಮಿನಿಂದ ಹೊರಗೆ ಕಾಣಿಸಬಾರದು.

‘ಹಾಗಾದರೆ ಸಿಗ್ನಲ್‌ನಲ್ಲಿ ನಿಲ್ಲುವುದು ಹೇಗೆ?’ ಸೀಟಿನಿಂದ ಇಳಿದು, ಮೇಲಿನ ಬಾರಿಗೆ ಎರಡೂ ಕಡೆ ಕಾಲು ಹಾಕಿಕೊಂಡು. ಸೀಟು ಕೂತು ತುಳಿಯುವುದಕ್ಕೆ, ಕೂತು ಕಾಯುವುದಕ್ಕಲ್ಲ. ಒಂದು ವಿನಾಯಿತಿ ಇದೆ: ಫುಟ್‌ಪಾತಿನ ಅಂಚು ನಿಯಮದ ಪ್ರಕಾರ 15 ಸೆಂ.ಮೀ. ಮೀರಬಾರದು, ಅಷ್ಟು ಎತ್ತರದ ಕಲ್ಲು ಆ 11 ಸೆಂ.ಮೀ. ಕೊರತೆಯನ್ನು ಚೆನ್ನಾಗಿ ತುಂಬುತ್ತದೆ. ಎಡಪಾದ ಕಲ್ಲಿನ ಮೇಲೆ, ನೀವು ಸೀಟಿನ ಮೇಲೆ, ಮಹಾರಾಜರ ಹಾಗೆ ಕಾಯಬಹುದು. ಹಳೇ ಬಡಾವಣೆಗಳಲ್ಲಿ ಕಲ್ಲು ಇದರ ಎರಡರಷ್ಟಿರುವುದೂ ಉಂಟು. ಅಲ್ಲಿ ಪೆಡಲ್ ಕಲ್ಲಿಗೆ ತಾಗುತ್ತದೆ, ದೂರವೇ ನಿಲ್ಲಿ.

ನಿಲ್ಲುವುದು

ಹೊರಡುವ ಕಷ್ಟದಲ್ಲಿ ಅರ್ಧ ಕಷ್ಟ ನಿಲ್ಲುವಾಗಲೇ ಹುಟ್ಟಿರುತ್ತದೆ. ನಿಮ್ಮ ಸೈಕಲಿನ ಗೇರು ಚೈನ್ ಓಡುತ್ತಿದ್ದರೆ ಮಾತ್ರ ಬದಲಾಗುತ್ತದೆ. ನಿಂತ ಮೇಲೆ ಲಿವರ್ ಒತ್ತಿದರೆ ಪ್ರಯೋಜನವಿಲ್ಲ, ಒತ್ತಿ ಹೊರಟರೆ ಚೈನ್ ಕರಕರ ಎಂದು ಹಾರಿ, ಪೆಡಲ್ ಸರ್ರನೆ ಕೆಳಗೆ ಜಾರಿ, ಮುಂಗಾಲಿಗೆ ಪೆಟ್ಟು. ನಿಮಗೆ ಆಗಿರುವ ಎರಡು ಪೆಟ್ಟಿನಲ್ಲಿ ಒಂದಾದರೂ ಇದೇ ಇರಬಹುದು. ಕೆಂಪು ದೀಪ ಕಂಡೊಡನೆ, 30–40 ಮೀಟರ್ ಮುಂಚೆ, ಹಗುರವಾಗಿ ತುಳಿಯುತ್ತಲೇ ಹಿಂದಿನ ದೊಡ್ಡ ಹಲ್ಲುಚಕ್ರಕ್ಕೆ ಎರಡು ಮೂರು ಗೇರು ಇಳಿಸಿ.

ಏಳು ಗೇರಿನ ಫ್ರೀವೀಲ್, ಅಂದರೆ ಹಿಂದಿನ ಹಲ್ಲುಚಕ್ರಗಳ ಗೊಂಚಲು, ಸಾಮಾನ್ಯವಾಗಿ 14ರಿಂದ 28 ಹಲ್ಲಿನದು. ಮುಂದೆ 42 ಹಲ್ಲಿದ್ದರೆ, 14ರಲ್ಲಿ ಒಂದು ಪೂರ್ತಿ ಸುತ್ತಿಗೆ ಸೈಕಲ್ ಆರೂವರೆ ಮೀಟರಿನಷ್ಟು ಹೋಗುತ್ತದೆ, 28ರಲ್ಲಿ ಮೂರೂಕಾಲು ಮೀಟರ್. ಅದೇ ತುಳಿತಕ್ಕೆ 28ರಲ್ಲಿ ಚಕ್ರಕ್ಕೆ ಸಿಗುವ ನೂಕು ಎರಡರಷ್ಟು. ಎಡಗಾಲಿಗೂ ಬಲಗಾಲಿಗೂ ಇರುವ ಶಕ್ತಿಯ ವ್ಯತ್ಯಾಸ ಈ ಎರಡರಷ್ಟರ ಮುಂದೆ ಏನೂ ಅಲ್ಲ. ‘ಬಲಗಾಲಿನಿಂದ ತುಳಿದರೆ ಬಲ ಸಾಲದು’ ಅನ್ನಿಸುವುದು ಬಹುತೇಕ ತಪ್ಪು ಗೇರಿನ ಮಾತು.

ಈಗ ಕಾಲಿನ ಕೆಲಸ. ಎರಡೂ ಬ್ರೇಕು ಹದವಾಗಿ ಹಿಡಿದು ವೇಗ ಇಳಿಸಿ. ಯಾವ ಲಿವರ್ ಮುಂದಿನದು ಎಂದು ಸೈಕಲ್ ನಿಲ್ಲಿಸಿಕೊಂಡೇ ಒಮ್ಮೆ ಒತ್ತಿ ನೋಡಿ. ನಮ್ಮ ಹಳೇ ಸೈಕಲ್‌ಗಳಲ್ಲಿ ಬಲಗೈಯದು ಮುಂದಿನ ಬ್ರೇಕು, ಹೊಸ ಗೇರ್ ಸೈಕಲ್‌ಗಳಲ್ಲಿ ತಿರುಗುಮುರುಗಾಗಿರಬಹುದು. ನಡಿಗೆಯ ವೇಗಕ್ಕೆ ಬಂದಾಗ ಬಲ ಪೆಡಲನ್ನು ಪೂರ್ತಿ ಕೆಳಗೆ ತಂದು, ಅದರ ಮೇಲೆ ಮೆಟ್ಟಿಲು ತುಳಿದ ಹಾಗೆ ನಿಂತು, ಸೀಟಿನಿಂದ ಮುಂದಕ್ಕೆ ಜಾರಿ. ಈಗ ಇಡೀ ಭಾರ ಬಲಗಾಲಿನ ಮೇಲೆ. ಗಮನಿಸಿ, ನಿಮ್ಮ ‘ನಿಲ್ಲುವ ಕಾಲು’ ಹೇಗೂ ಬಲವೇ. ಈ ಭಾಗ ಬಲಗಾಲಿನವರಿಗಿಂತ ನಿಮಗೇ ಸಲೀಸು. ಎಡಗಾಲು ಖಾಲಿಯಾಗಿ ಕೆಳಗೆ ಇಳಿಯುತ್ತದೆ, ಸೈಕಲ್ ಪೂರ್ತಿ ನಿಲ್ಲುವ ಹೊತ್ತಿಗೆ ನೆಲ ಸಿಗುತ್ತದೆ.

ಅನೇಕರು ಇಲ್ಲಿ ಎಡವುತ್ತಾರೆ: ಎಡಗಾಲು ಕೆಳಗೆ ಬಿಟ್ಟಿರುತ್ತಾರೆ, ಸೈಕಲ್ ಮಾತ್ರ ಬಲಕ್ಕೆ ವಾಲುತ್ತದೆ. ಭಾರವೆಲ್ಲ ಬಲ ಪೆಡಲಿನ ಮೇಲಿರುವುದೇ ಕಾರಣ. ಕೊನೆಯ ಅರ್ಧ ಮೀಟರಿನಲ್ಲಿ ಹ್ಯಾಂಡಲನ್ನು ಒಂದು ಚೂರು, ಎರಡು ಬೆರಳಿನಷ್ಟು, ಬಲಕ್ಕೆ ತಿರುಗಿಸಿ. ಚಕ್ರ ಬಲಕ್ಕೆ ಸರಿದೊಡನೆ ಮೈ ಎಡಕ್ಕೆ ಉಳಿಯುತ್ತದೆ, ಸೈಕಲ್ ತಾನಾಗಿ ಎಡಗಾಲಿನ ಮೇಲೆ ಬಂದು ಕೂರುತ್ತದೆ. ಉಲ್ಟಾ ಅನ್ನಿಸಿದರೂ ಮಾಡಿ ನೋಡಿ. ಮುಂದೆ ಎಂದಾದರೂ ಶೂ ಸಿಕ್ಕಿಸುವ ಪೆಡಲಿಗೆ ಹೋದರೆ ಈ ಒಂದು ಉಪಾಯ ನಿಮ್ಮನ್ನು ಜನರೆದುರು ಬೀಳುವುದರಿಂದ ಉಳಿಸುತ್ತದೆ. ಆ ಪೆಡಲ್‌ಗಳಲ್ಲಿ ಎಡ ಹಿಮ್ಮಡಿಯನ್ನು 15–20 ಮೀಟರ್ ಮುಂಚೆಯೇ ಹೊರಕ್ಕೆ ತಿರುಗಿಸಿ ಬಿಡಿಸಿಕೊಳ್ಳಬೇಕು, ಸ್ಪ್ರಿಂಗಿನ ಬಿಗಿಯನ್ನು ಮೊದಲ ತಿಂಗಳು ತೀರ ಸಡಿಲವಾಗಿಟ್ಟಿರಬೇಕು. ಒಂದೇ ಕಾಲು ಇಳಿಸುವವರ ಆ ಕಡೆಯ ಕ್ಲೀಟ್, ಅಂದರೆ ಪೆಡಲಿಗೆ ಸಿಕ್ಕಿಕೊಳ್ಳುವ ಶೂ ಅಡಿಯ ತುಂಡು, ಬೇಗ ಸವೆಯುತ್ತದೆ. ಅದೊಂದನ್ನೇ ನೋಡಿದರೂ ಸಾಕು, ಸವಾರ ಯಾವ ಕಾಲಿನವನೆಂದು ಗೊತ್ತಾಗುತ್ತದೆ.

ಹೊರಡುವುದು

ನಿಂತ ಕೂಡಲೇ ಹೊರಡುವ ತಯಾರಿ ಮುಗಿಸಿ. ಬಲ ಪೆಡಲ್ ಈಗ ಕೆಳಗಿದೆ. ಅಲ್ಲಿಂದ ತುಳಿದರೆ ಏನೂ ಆಗುವುದಿಲ್ಲ. ಬಲಪಾದದ ಬೆರಳುಗಳನ್ನು ಪೆಡಲಿನ ಅಡಿಗೆ ತೂರಿಸಿ ಮುಂದಕ್ಕೆ, ಮೇಲಕ್ಕೆ ಎತ್ತಿ. ಫ್ರೀವೀಲ್ ಕಟಕಟ ಎನ್ನುತ್ತ ಹಿಂದಕ್ಕೆ ಬಿಡುತ್ತದೆ. ಎಲ್ಲಿಯವರೆಗೆ? ಹ್ಯಾಂಡಲ್ ಬುಡದಿಂದ ಓರೆಯಾಗಿ ಪೆಡಲ್ ಕಡೆಗೆ ಇಳಿಯುವ ಕೊಳವೆ ಇದೆಯಲ್ಲ, ಕ್ರ್ಯಾಂಕ್ ಅದರ ಜೊತೆ ಒಂದೇ ಓರೆಯಲ್ಲಿ ಬರುವವರೆಗೆ. ಬಲಗಡೆಯಿಂದ ನೋಡುವವರಿಗೆ ಗಡಿಯಾರದ ಮುಳ್ಳು ಒಂದೂವರೆಗೂ ಎರಡಕ್ಕೂ ನಡುವೆ ಇದ್ದ ಹಾಗೆ ಕಾಣುತ್ತದೆ.

ಈ ಜಾಗ ಯಾಕೆ ಮುಖ್ಯ? ಪೆಡಲ್ ನೆತ್ತಿಯ ಮೇಲೆ, 12ರ ಹತ್ತಿರ ಇದ್ದರೆ ಎಷ್ಟು ಒತ್ತಿದರೂ ಅದು ಎಕ್ಸೆಲನ್ನು ಕೆಳಕ್ಕೆ ಒತ್ತುತ್ತದೆಯೇ ಹೊರತು ತಿರುಗಿಸುವುದಿಲ್ಲ. ಮಟ್ಟಸವಾಗಿ 3ರಲ್ಲಿದ್ದರೆ ನೂಕು ಜೋರು, ಆದರೆ ತುಳಿತ ಅರ್ಧಕ್ಕೇ ಮುಗಿದು ಎಡಗಾಲು ಇನ್ನೂ ಪೆಡಲ್ ಹುಡುಕುತ್ತಿರುವಾಗಲೇ ಸೈಕಲ್ ನಿಧಾನವಾಗುತ್ತದೆ, ಹ್ಯಾಂಡಲ್ ಹೊಯ್ದಾಡುತ್ತದೆ. ನಿಮ್ಮ ಹೊಯ್ದಾಟ ಬಹುಶಃ ಇದೇ. ಎಡಗಾಲಿನಿಂದ ಹೊರಡುವಾಗ ಪೆಡಲನ್ನು ಸರಿಯಾದ ಜಾಗಕ್ಕೆ ತರುವುದು ನಿಮಗೆ ಗೊತ್ತಿಲ್ಲದೆಯೇ ರೂಢಿಯಾಗಿದೆ; ಬಲಗಾಲಿಗೆ ಆ ರೂಢಿ ಇಲ್ಲ. ಕೊರತೆ ಕಾಲಿನಲ್ಲಿಲ್ಲ, ಪೆಡಲ್ ಇರುವ ಜಾಗದಲ್ಲಿದೆ.

ಪಾದದ ಮುಂಭಾಗ ಪೆಡಲ್ ಮೇಲಿರಲಿ. ನಡು ಅಂಗಾಲಿಟ್ಟರೆ ಜಾರುತ್ತದೆ. ಎರಡೂ ಬ್ರೇಕು ಹಿಡಿದಿರಿ. ಸಿಗ್ನಲ್ಲಿನ ಎಣಿಕೆ 5ಕ್ಕೆ ಬಂದಾಗ ಬಲಗಾಲಿನ ಮೇಲೆ ಸ್ವಲ್ಪ ಭಾರ ಹಾಕಿಯೇ ಇರಿ, ಚೈನ್ ಬಿಗಿಯಾಗುತ್ತದೆ. ಹಸಿರು ಬಂತು, ಬಲಕ್ಕೆ ಹಿಂದೆ ತಿರುಗಿ ನೋಡಿ, ಬ್ರೇಕು ಬಿಟ್ಟು, ಬಲ ಪೆಡಲಿನ ಮೇಲೆ ಎದ್ದು ನಿಲ್ಲಿ. ಒತ್ತುವುದಲ್ಲ, ಮೆಟ್ಟಿಲು ಹತ್ತುವುದು. ಆ ಒಂದೇ ಮೆಟ್ಟಿಲು ಎರಡು ಕೆಲಸ ಮಾಡುತ್ತದೆ: ಸೈಕಲನ್ನು ಮುಂದಕ್ಕೆ ನೂಕುತ್ತದೆ, ನಿಮ್ಮನ್ನು ಸೀಟಿನ ಎತ್ತರಕ್ಕೆ ಎತ್ತುತ್ತದೆ. ಸೀಟಿಗೆ ಕೂರುತ್ತಿದ್ದಂತೆ ಎಡ ಪೆಡಲ್ ಮೇಲೆ ಬಂದಿರುತ್ತದೆ, ಎಡಗಾಲು ಅಲ್ಲಿ ಸೇರಿಕೊಳ್ಳುತ್ತದೆ. ಕಣ್ಣು ಪೆಡಲಿನ ಮೇಲೆ ಬೇಡ, 10 ಮೀಟರ್ ಮುಂದಿರಲಿ. ಪೆಡಲ್ ಸಿಗದಿದ್ದರೆ ಹುಡುಕಬೇಡಿ. ಚಪ್ಪಟೆ ಪೆಡಲ್ ಆದ್ದರಿಂದ ಪಾದದ ಯಾವ ಭಾಗ ಸಿಕ್ಕರೂ ಒಂದು ಸುತ್ತು ತುಳಿದು ಆಮೇಲೆ ಸರಿಮಾಡಿಕೊಳ್ಳಿ.

ಎಡಗಾಲಿನಿಂದ ನೆಲವನ್ನು ಎರಡು ಮೂರು ಸಲ ಒದ್ದು ಸ್ಕೂಟರಿನ ಹಾಗೆ ತಳ್ಳಿಕೊಳ್ಳುವವರಿದ್ದಾರೆ. ಹಳೇ 24 ಇಂಚಿನ ಬಾರ್ ಸೈಕಲ್ಲಿಗೆ ಎಡ ಪೆಡಲ್ ಮೇಲೆ ನಿಂತು, ಬಲಗಾಲಿನಿಂದ ನೆಲ ಒದ್ದು, ಓಡುವಾಗಲೇ ಬಲಗಾಲನ್ನು ಕ್ಯಾರಿಯರ್ ಮೇಲಿಂದ ಬೀಸಿ ಹತ್ತುತ್ತಿದ್ದುದು ಖಾಲಿ ರಸ್ತೆಗೆ ಚೆನ್ನ. ಈಗಿನ ಸಿಗ್ನಲ್ಲಿನ ಇಕ್ಕಟ್ಟಿನಲ್ಲಿ ಬೀಸಿದ ಕಾಲು ಪಕ್ಕದ ಬೈಕಿನವರ ಕನ್ನಡಿಗೆ ತಾಗುತ್ತದೆ. ಓರೆಯಾದ ಸೈಕಲಿನ ಎಡ ಪೆಡಲ್ ಮೇಲೆ ದಿನಾ ಇಡೀ ಭಾರ ಬಿಟ್ಟರೆ ಆ ಕಡೆಯ ಕ್ರ್ಯಾಂಕಿಗೂ ಒಳ್ಳೆಯದಲ್ಲ. ತುಳಿಯುವಾಗ ಎಡದಿಂದ ಸುತ್ತಿಗೊಮ್ಮೆ ‘ಟಕ್’ ಎಂಬ ಸದ್ದು ಬಂದರೆ ಎಡ ಕ್ರ್ಯಾಂಕಿನ ಬೋಲ್ಟ್ ಕೂಡಲೇ ಬಿಗಿ ಮಾಡಿಸಿ. ಚೌಕ ಎಕ್ಸೆಲಿನದಾದರೆ 35ರಿಂದ 50 ನ್ಯೂಟನ್ ಮೀಟರ್ ಬಿಗಿ ಬೇಕು. ಸಡಿಲವಾಗಿಯೇ ಓಡಿಸಿದರೆ ಕ್ರ್ಯಾಂಕಿನ ಚೌಕ ತೂತು ದುಂಡಗಾಗುತ್ತದೆ, ಆಮೇಲೆ ಹೊಸದೇ ಗತಿ.

ಏರಿನಲ್ಲಿ ಹೊರಡುವಾಗ, ನಿಮ್ಮ ದಾರಿಯಲ್ಲಿ ಚಾಮರಾಜಪೇಟೆ ದಾಟಿ ಬಸವನಗುಡಿ ಕಡೆ ಹತ್ತುವಾಗ ಅನ್ನಿ, ಮೇಲಿನದೇ ಕ್ರಮ. ವ್ಯತ್ಯಾಸ ಒಂದೇ: ಪೆಡಲಿಗೆ ಪೂರ್ತಿ ಭಾರ ಬಿದ್ದ ಮೇಲೆ ಬ್ರೇಕು ಬಿಡಿ, ಮೊದಲೇ ಬಿಟ್ಟರೆ ಹಿಂದಕ್ಕೆ ಉರುಳುತ್ತದೆ. ಇನ್ನು ಹೊರಟ ಕೂಡಲೇ ಎಡಕ್ಕೆ ತಿರುಗುವ ಆತುರ ಬೇಡ. ಹ್ಯಾಂಡಲ್ ಎಡಕ್ಕೆ ತಿರುಗಿದಾಗ ಮುಂದಿನ ಚಕ್ರದ ಹಿಂಭಾಗ ಬಲಕ್ಕೆ ಬರುತ್ತದೆ. ಚಿಕ್ಕ ಫ್ರೇಮಿನ ಸೈಕಲ್‌ನಲ್ಲಿ, ಅದರಲ್ಲೂ ಮಡ್‌ಗಾರ್ಡ್ ಹಾಕಿಸಿದ್ದರೆ, ಮುಂದೆ ಚಾಚಿರುವ ಬಲಗಾಲಿನ ಹೆಬ್ಬೆರಳು ಅದಕ್ಕೆ ತಾಗಿ ಸೈಕಲ್ ಅಲ್ಲೇ ಮುಗ್ಗರಿಸುತ್ತದೆ. ಒಂದು ತುಳಿತ ನೇರ ಹೋಗಿ, ಆಮೇಲೆ ತಿರುಗಿ.

ತುಳಿಯದೆ ಉರುಳುವಾಗ

ಎಡಗಾಲು ಮುಂದಿರುವುದರಲ್ಲಿ ತಪ್ಪಿಲ್ಲ. ಬೆಟ್ಟದ ಸೈಕಲ್ ಸವಾರರಲ್ಲಿ ಪ್ರತಿಯೊಬ್ಬರಿಗೂ ಹೀಗೆ ಒಂದು ಮೆಚ್ಚಿನ ಕಾಲಿರುತ್ತದೆ, ಅದನ್ನು ಅವರು ತಮಾಷೆಗೆ ಚಾಕೊಲೇಟ್ ಕಾಲು ಅನ್ನುತ್ತಾರೆ. ಸ್ಕೇಟ್‌ಬೋರ್ಡ್ ಮೇಲೆ ನಿಲ್ಲುವವರಿಗೂ ಹೀಗೇ. ಯಾವುದು ನಿಮ್ಮದು ಎಂದು ಯೋಚಿಸಿ ಆರಿಸುವ ಅಗತ್ಯವಿಲ್ಲ; ರಸ್ತೆ ಗುಂಡಿ ಎದುರಾದಾಗ ತಾನಾಗಿ ಮುಂದೆ ಬಂದು ನಿಲ್ಲುವುದೇ ಅದು.

ಎರಡೂ ಪೆಡಲ್ ಮಟ್ಟಸವಾಗಿರುವುದೇ ಮುಖ್ಯ. ಒಂದು ಮೇಲೆ ಒಂದು ಕೆಳಗೆ ಬಿಟ್ಟು ಹೋಗುವವರು ಹಂಪಿನ ಮೇಲೆ ಪಾಠ ಕಲಿಯುತ್ತಾರೆ. ಕೆಳಗಿರುವ ಪೆಡಲಿನ ಅಡಿಗೂ ನೆಲಕ್ಕೂ 10 ಸೆಂ.ಮೀ. ಅಂತರವೂ ಇರುವುದಿಲ್ಲ. ರಸ್ತೆಗಳ ಮಾನದಂಡ ರೂಪಿಸುವ ಇಂಡಿಯನ್ ರೋಡ್ಸ್ ಕಾಂಗ್ರೆಸ್ ಹೇಳುವ ಹಂಪು 10 ಸೆಂ.ಮೀ. ಎತ್ತರ, 3.7 ಮೀಟರ್ ಅಗಲ. ಅಷ್ಟು ಅಗಲವಿದ್ದರೆ ಎರಡೂ ಚಕ್ರ ಅದರ ಮೇಲೇ ಏರುವುದರಿಂದ ಪೆಡಲ್ ತಾಗುವುದಿಲ್ಲ. ನಮ್ಮ ಅಡ್ಡರಸ್ತೆಗಳಲ್ಲಿ ರಾತ್ರೋರಾತ್ರಿ ಹುಟ್ಟುವ ಹಂಪುಗಳು ಬೇರೆ ಜಾತಿ: ಒಂದೆರಡು ಅಡಿ ಅಗಲ, ಎತ್ತರ ಹಾಕಿಸಿದವರ ಸಿಟ್ಟಿನಷ್ಟು. ಅಲ್ಲಿ ಮುಂದಿನ ಚಕ್ರ ಇಳಿದು ಹಿಂದಿನದು ಇನ್ನೂ ಹತ್ತದಿರುವಾಗ ಹಂಪಿನ ನೆತ್ತಿ ಸರಿಯಾಗಿ ಪೆಡಲಿನ ಕೆಳಗೇ ಬರುತ್ತದೆ. ಪೆಡಲ್ ಮಟ್ಟಸವಾಗಿಟ್ಟು, ಸೀಟಿನಿಂದ ಎರಡು ಇಂಚು ಎದ್ದು, ಮೊಣಕೈ ಮೊಣಕಾಲು ಸಡಿಲ ಬಿಟ್ಟು ದಾಟಿ. ಭಾರ ಎರಡೂ ಪಾದಕ್ಕೆ ಸಮ ಇರಲಿ. ಹಿಂದಿನ ಪಾದಕ್ಕೆ ಹೆಚ್ಚಾದರೆ ಫ್ರೀವೀಲ್ ಹಿಡಿಯುವುದಿಲ್ಲ, ಕ್ರ್ಯಾಂಕ್ ಹಿಂದಕ್ಕೆ ತಿರುಗಿಬಿಡುತ್ತದೆ.

ತಿರುವಿನಲ್ಲಿ ಮಾತ್ರ ಮೆಚ್ಚಿನ ಕಾಲಿನ ಮಾತು ನಡೆಯುವುದಿಲ್ಲ. ಹೊರಗಡೆಯ ಪೆಡಲ್ ಕೆಳಗೆ, ಭಾರ ಅದರ ಮೇಲೆ. ಒಳಗಡೆಯದು ಕೆಳಗಿದ್ದರೆ ವಾಲಿದಾಗ ನೆಲಕ್ಕೆ ತಾಗಿ ಹಿಂದಿನ ಚಕ್ರವನ್ನೇ ಎತ್ತಿಹಾಕುತ್ತದೆ. ಎಡಕ್ಕೆ ತಿರುಗುವಾಗ ಬಲ ಪೆಡಲ್ ಕೆಳಗೆ. ಎಡಗಾಲು ಮುಂದಿರುವ ನೀವು ಕ್ರ್ಯಾಂಕನ್ನು ಕಾಲು ಸುತ್ತು ಹಿಂದಕ್ಕೆ ತಿರುಗಿಸಿದರೆ ಆಯಿತು. ಬಲಕ್ಕಾದರೆ ಕಾಲು ಸುತ್ತು ಮುಂದಕ್ಕೆ, ಎಡ ಪೆಡಲ್ ಕೆಳಗೆ. ನಮ್ಮಲ್ಲಿ ವೃತ್ತವನ್ನು ಸುತ್ತುವುದು ಪ್ರದಕ್ಷಿಣೆಯಾಗಿ, ಬಲಕ್ಕೆ ವಾಲಿಕೊಂಡು. ಅಲ್ಲಿ ಎಡ ಪೆಡಲ್ ಕೆಳಗಿರಬೇಕು. ಸರ್ಕಲ್ ಎಂಬ ಹೆಸರು ಉಳಿದಿರುವ ಬಹಳಷ್ಟು ಕಡೆ ಈಗ ಸುತ್ತುವುದಕ್ಕೇನೂ ಇಲ್ಲ, ಕಾಯುವುದಷ್ಟೇ ಇದೆ, ಅದು ಬೇರೆ. ಎಡಗಾಲು ಮುಂದಿದ್ದಾಗ ಸೊಂಟ ಕೊಂಚ ಬಲಕ್ಕೆ ತೆರೆದುಕೊಳ್ಳುವುದರಿಂದ ಬಲತಿರುವು ಸಲೀಸು, ಎಡತಿರುವು ಬಿಗಿ ಅನ್ನಿಸುವುದು ಅನೇಕರ ಅನುಭವ. ನಿಮಗೂ ಹಾಗಿದ್ದರೆ ಎಡತಿರುವನ್ನೇ ಹೆಚ್ಚು ಅಭ್ಯಾಸ ಮಾಡಿ.

ಉದ್ದದ ಇಳಿಜಾರಿಗೆ, ನಾಳೆ ನಂದಿಬೆಟ್ಟಕ್ಕೆ ಹೋದರೆ ಬೇಕಾಗುತ್ತದೆ, ಒಂದು ಮಾತು. ಎರಡು ಪಾದಗಳ ನಡುವೆ 34 ಸೆಂ.ಮೀ. ಅಂತರವಿಟ್ಟು ಒಂದೇ ಭಂಗಿಯಲ್ಲಿ ನಿಂತರೆ ತೊಡೆ ಹಿಡಿದುಕೊಳ್ಳುತ್ತದೆ. ನೇರ ಸಿಕ್ಕ ಕಡೆ ಅರ್ಧ ಸುತ್ತು ತುಳಿದು ಕಾಲು ಬದಲಿಸಿ. ಆಫೀಸಿನ ದಾರಿಗೆ ಇದರ ಚಿಂತೆ ಬೇಡ.

ಅಭ್ಯಾಸಕ್ಕೆ ಭಾನುವಾರ ಬೆಳಿಗ್ಗೆ ಏಳರೊಳಗೆ ಖಾಲಿಯಿರುವ ಯಾವುದಾದರೂ ಅಡ್ಡರಸ್ತೆ ಸಾಕು. ಎಡಗಾಲಿಟ್ಟು ನಿಲ್ಲುವುದು, ಪೆಡಲ್ ಎತ್ತುವುದು, ಬಲಗಾಲಿನಿಂದ ಹೊರಡುವುದು ಇಪ್ಪತ್ತು ಸಲ. ಕೊನೆಯಲ್ಲಿ ಬಲಗಾಲಿಟ್ಟು ಐದು ಸಲ, ಡಿವೈಡರ್ ಪಕ್ಕಕ್ಕೆಂದು. ಮೊದಲ ವಾರ ಆಫೀಸಿನ ದಾರಿಯಲ್ಲಿ ಚಿಕ್ಕ ಸಿಗ್ನಲ್‌ಗಳಲ್ಲಿ ಮಾತ್ರ ಹೊಸ ಕ್ರಮ, ಎರಡನೇ ವಾರದಿಂದ ಎಲ್ಲ ಕಡೆ. ಗಡಿಬಿಡಿಯಲ್ಲಿ ಬಲಗಾಲು ಇಳಿದುಬಿಟ್ಟರೆ ಅಲ್ಲಿಯೇ ಬದಲಿಸಲು ಹೋಗಬೇಡಿ, ಹಾಗೇ ಹೊರಡಿ.

ಸೀಟು ಸರಿಯಾದ ಎತ್ತರಕ್ಕೆ ಬಂದ ಮೇಲೂ ಮೂರು ವಾರ ಮೊಣಕಾಲು ನೋಯುತ್ತಲೇ ಇದ್ದರೆ, ಅಥವಾ ಈಗಲೇ ಊದಿಕೊಂಡಿದ್ದರೆ, ಮೂಳೆ ವೈದ್ಯರಿಗೋ ಫಿಸಿಯೋಗೋ ತೋರಿಸಿ. ಇನ್ನು ಬಲ ಮೀನಖಂಡದ ಕಪ್ಪು ಅಚ್ಚಿಗೆ: ಬರೀ ಸೋಪು ಉಜ್ಜಿದರೆ ಹರಡುತ್ತದೆ. ಒಣ ಚರ್ಮಕ್ಕೆ ನಾಲ್ಕು ಹನಿ ಕೊಬ್ಬರಿ ಎಣ್ಣೆ ಹಚ್ಚಿ, ಗ್ರೀಸು ಕರಗಿದ ಮೇಲೆ ಬಟ್ಟೆಯಲ್ಲಿ ಒರೆಸಿ, ಆಮೇಲೆ ಪಾತ್ರೆ ತೊಳೆಯುವ ಲಿಕ್ವಿಡ್ ಹಾಕಿ ತೊಳೆಯಿರಿ.